ಕೆಂಪು ದೀಪ ಆರಿಸಿದ ಕಥೆ

ನಮ್ಮ ಕಾರಿನ ಕೀ ತಿರುಗಿಸಿದ ಕೂಡಲೇ ಸ್ಟೀರಿಂಗಿನ ಹಿಂದೆ ಒಂದು ಪುಟ್ಟ ದೀಪೋತ್ಸವ ನಡೆಯುತ್ತದೆ. ಎಂಜಿನ್ನಿನದೊಂದು, ಬ್ಯಾಟರಿಯದೊಂದು, ಆಯಿಲ್ಲಿನದೊಂದು, ಬ್ರೇಕಿನದೊಂದು, ಹೀಗೆ ಎಲ್ಲ ಒಟ್ಟಿಗೆ ಹೊತ್ತಿಕೊಂಡು ಒಂದೊಂದಾಗಿ ಆರಿಹೋಗುತ್ತವೆ. ಅವುಗಳಲ್ಲಿ ಒಂದು ಚಿತ್ರ ನೋಡಿದರೆ ನನಗೆ ಮೊದಲಿಂದಲೂ ನಗು. ಕುರ್ಚಿಯಲ್ಲಿ ಒರಗಿ ಕೂತ ಒಬ್ಬರು, ಅವರ ಹೊಟ್ಟೆಯ ಮುಂದೆ ದುಂಡಗಿನ ಒಂದು ದೊಡ್ಡ ಚೆಂಡು. "ಇದ್ಯಾಕ್ರೀ ಬಸುರಿ ಹೆಂಗಸಿನ ಚಿತ್ರ ಹಾಕಿದ್ದಾರೆ?" ಅಂತ ಕಾರು ಕೊಂಡ ಹೊಸದರಲ್ಲಿ ಕೇಳಿ ಮನೆಯವರ ಹತ್ತಿರ ಬೈಸಿಕೊಂಡಿದ್ದೆ. ಅದು ಏರ್‌ಬ್ಯಾಗಿನ ದೀಪವಂತೆ. "ನಿಂಗೆ ಎಲ್ಲದರಲ್ಲೂ ಅದೇ ಕಾಣೋದು" ಅಂದಿದ್ದರು.

ಈ ಸಲದ ಆಷಾಢದಲ್ಲಿ ನಮ್ಮ ಮನೆಯಲ್ಲಿ ಜಗಳವಾಗಿದ್ದು ಅದೇ ದೀಪದ ಸಲುವಾಗಿ.

ಮಗಳಿಗೆ ಏಳು ತಿಂಗಳು ತುಂಬುತ್ತಿತ್ತು. ಅವಳಿರುವುದು ಉಡುಪಿಯಲ್ಲಿ, ನಾವಿರುವುದು ತೀರ್ಥಹಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಆಷಾಢ ಕಳೆದು ಶ್ರಾವಣ ಹುಟ್ಟಿದ ಮೇಲೆ ಬಾಣಂತನಕ್ಕೆ ಕರೆತರುವುದು ಅಂತ ಮಾತಾಗಿತ್ತು. ನಡುವೆ ಇರುವುದು ಆಗುಂಬೆ ಘಾಟಿ, ಹದಿನಾಲ್ಕು ತಿರುವು. ನನ್ನ ಮಗಳು ಬಸುರಿಯಾಗುವ ಮೊದಲೇ ಹಿಂದಿನ ಸೀಟಿನಲ್ಲಿ ಕೂತರೆ ಸೋಮೇಶ್ವರ ದಾಟುವಷ್ಟರಲ್ಲಿ ವಾಂತಿ ಶುರು ಮಾಡುವವಳು. ಹಾಗಾಗಿ ಮುಂದಿನ ಸೀಟು ಅವಳಿಗೇ ಅಂತ ಯಾರೂ ಹೇಳದೆಯೇ ತೀರ್ಮಾನವಾಗಿತ್ತು.

ಆ ಸೀಟಿನ ಕೆಳಗೇ ನೀರು ನಿಂತಿತ್ತು.

ತಪ್ಪು ನಮ್ಮದೇ. ಅಂಗಳದ ಹಲಸಿನ ಮರದ ಬುಡದಲ್ಲಿ ಕಾರು ನಿಲ್ಲಿಸುವುದು ನಮ್ಮ ರೂಢಿ. ವೈಪರಿನ ಕೆಳಗೆ ಒಂದು ಜಾಲರಿ ಇರುತ್ತದಲ್ಲ, ಗಾಜಿನ ಮೇಲೆ ಬಿದ್ದ ಮಳೆನೀರು ಅದರೊಳಗೆ ಇಳಿದು ಎರಡು ಕಡೆಯ ತೂತಿನಿಂದ ನೆಲಕ್ಕೆ ಹೋಗಬೇಕು. ಹಲಸಿನ ಎಲೆ ಕೊಳೆತು ಆ ತೂತು ಮುಚ್ಚಿಹೋಗಿತ್ತು. ಹೋಗಲು ದಾರಿ ಕಾಣದ ನೀರು ಎ.ಸಿ.ಗೆ ಗಾಳಿ ಎಳೆದುಕೊಳ್ಳುವ ಕಿಂಡಿಯಿಂದ ಕಾರಿನೊಳಗೇ ಬಂತು. ಮೇಲೆ ಮ್ಯಾಟ್ ಒಣಗಿದ ಹಾಗೆ ಕಾಣುತ್ತಿತ್ತು. ಕಾರ್ಪೆಟ್ಟಿನ ಅಡಿಯ ಸ್ಪಂಜು ಮಾತ್ರ ಲೀಟರುಗಟ್ಟಲೆ ನೀರು ಕುಡಿದು ಕೂತಿತ್ತು. ಬಾಗಿಲು ತೆಗೆದರೆ ಹಳೇ ಗೋಣಿಚೀಲದ ವಾಸನೆ. ಮೊದಲೇ ಯಾವ ವಾಸನೆಯೂ ಆಗದ ಮಗಳನ್ನು ಇದರಲ್ಲಿ ಕೂರಿಸಿಕೊಂಡು ಬರುವುದು ಹೇಗೆ?

ನಮ್ಮನೆಯವರು ಕರೆಂಟ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಿಕ್ಸಿ, ಪಂಪ್‌ಸೆಟ್, ಪಕ್ಕದ ಮನೆಯವರ ಇನ್‌ವರ್ಟರ್, ಯಾವುದನ್ನೂ ಅವರು ಬಿಚ್ಚದೆ ಬಿಟ್ಟವರಲ್ಲ. "ನಾಲ್ಕು ಬೋಲ್ಟು ಮಾರಾಯ್ತಿ, ಸೀಟು ಎತ್ತಿಟ್ಟು ಕಾರ್ಪೆಟ್ ಒಣಗಿಸಿದ್ರೆ ಆಯ್ತು. ಇದಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕಾ?" ಅಂದರು. ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿದರು. ಒಂದು ಭಾನುವಾರ ಮಳೆ ಹೊಳವಾದದ್ದೇ ತಡ, ಪಾನಾ ಹಿಡಿದು ಕೂತರು.

ಬೋಲ್ಟು ನಾಲ್ಕೇ, ಸರಿ. ಸೀಟನ್ನು ವಾಲಿಸಿದಾಗ ಅಡಿಯಲ್ಲಿ ಹಳದಿ ಬಣ್ಣದ ಒಂದು ಕನೆಕ್ಟರ್ ಕಂಡಿತು. ಉಳಿದ ವೈರುಗಳೆಲ್ಲ ಕಪ್ಪು, ಬಿಳಿ. ಇದೊಂದು ಮಾತ್ರ ಅರಿಶಿನ ಬಳಿದ ಹಾಗೆ. "ಇದೆಂತ ಹಳದಿ?" ಅಂತ ಕೇಳಿದೆ. "ಎಂಥದ್ದೋ ವೈರು" ಅಂತ ಎಳೆದು ಬಿಡಿಸಿದರು. ಕಾರಿನಲ್ಲಿ ಹಳದಿ ಅಂದರೆ ಸಾಮಾನ್ಯವಾಗಿ ಏರ್‌ಬ್ಯಾಗಿನ ವೈರು ಅಂತ ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. 2014ರಲ್ಲಿ ಕಾರು ಕೊಳ್ಳುವಾಗ ಮಗ ಹಠ ಮಾಡಿ ಟಾಪ್ ಮಾಡೆಲ್ಲೇ ತೆಗೆಸಿದ್ದ. ಅದರಲ್ಲಿ ಎದುರಿಗಷ್ಟೇ ಅಲ್ಲದೆ ಮುಂದಿನ ಎರಡು ಸೀಟುಗಳ ಒರಗಿನ ಪಕ್ಕದಲ್ಲೂ ಒಂದೊಂದು ಏರ್‌ಬ್ಯಾಗು. ಆ ಹಳದಿ ವೈರು ಹೋಗುವುದು ಅದಕ್ಕೆ.

ಸೀಟು ಹೊರಗೆ ಜಗುಲಿಯ ಮೇಲೆ ಬಂದು ಕೂತಿತು. ಕಾರ್ಪೆಟ್ ಎತ್ತಿ ಅಡಿಗೆ ಎರಡು ಮಣೆ ಕೊಟ್ಟರು. ಬೇಗ ಒಣಗಲಿ ಅಂತ ಎಂಜಿನ್ ಚಾಲೂ ಮಾಡಿ ಬಿಸಿಗಾಳಿ ಬಿಟ್ಟರು. ಎಡವಟ್ಟಾಗಿದ್ದು ಅಲ್ಲೇ. ವೈರು ಬಿಚ್ಚಿದ್ದಾಗ ಕೀ ತಿರುಗಿಸಿದರೆ ಕಾರಿನ ಕಂಪ್ಯೂಟರಿಗೆ ಒಂದು ಏರ್‌ಬ್ಯಾಗು ಕಾಣೆಯಾಗಿದೆ ಅಂತ ಗೊತ್ತಾಗುತ್ತದೆ. ಅದು ಬರೆದಿಟ್ಟುಕೊಳ್ಳುತ್ತದೆ, ಕೆಂಪು ದೀಪ ಹಚ್ಚುತ್ತದೆ. ಸಂಜೆಗೆ ಸೀಟು ವಾಪಸ್ ಕೂರಿಸಿ, ಹಳದಿ ಕನೆಕ್ಟರ್ ಒತ್ತಿ, ಕೈ ತೊಳೆದು ಬಂದು ಕೀ ತಿರುಗಿಸಿದರೆ ದೀಪೋತ್ಸವದಲ್ಲಿ ಎಲ್ಲ ದೀಪ ಆರಿದವು. ಬಸುರಿ ಮಾತ್ರ ಕೂತೇ ಇದ್ದಳು.

ಮುಂದಿನ ಹತ್ತು ದಿನ ಏನೇನು ನಡೆಯಿತು ಅಂತ ಬರೆದರೆ ಒಂದು ಪ್ರಹಸನವಾದೀತು. ಮೊದಲನೆಯದು ಬ್ಯಾಟರಿಯ ವೈದ್ಯ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಒಂದು ರಾತ್ರಿ ಬಿಟ್ಟರೆ ಎಲ್ಲ ಮರೆತುಹೋಗುತ್ತದೆ ಅಂತ ಯಾರೋ ಹೇಳಿದರು. ಬೆಳಿಗ್ಗೆ ಗಡಿಯಾರ ಮರೆತಿತ್ತು, ರೇಡಿಯೊ ಸ್ಟೇಷನ್ನುಗಳೆಲ್ಲ ಮರೆತಿದ್ದವು. ದೀಪ ಒಂದಕ್ಕೇ ನೆನಪಿದ್ದದ್ದು. ಏರ್‌ಬ್ಯಾಗಿನ ಕಂಪ್ಯೂಟರ್ ತಪ್ಪು ಬರೆದಿಡುವ ಪುಸ್ತಕವೇ ಬೇರೆ, ಕರೆಂಟು ಹೋದರೂ ಅದು ಅಳಿಸುವುದಿಲ್ಲ. ಆಮೇಲೆ ಕೀಯ ಮಂತ್ರ: ಮೂರು ಸಲ ತಿರುಗಿಸಿ, ಇಷ್ಟು ಸೆಕೆಂಡು ಕಾಯಿರಿ, ಮತ್ತೆ ತಿರುಗಿಸಿ. ಯಾವುದೋ ದೇಶದ ಯಾವುದೋ ಹಳೇ ಕಾರಿಗೆ ಹೇಳಿದ್ದನ್ನು ಇವರು ನಮ್ಮ ಕಾರಿಗೆ ಪ್ರಯೋಗಿಸುತ್ತಿದ್ದರು. ಕಾರಿನೊಳಗೆ ಕೂತು ಬೆರಳು ಮಡಿಚಿ ಎಣಿಸುವುದನ್ನು ನೋಡಿ ಹಾಲು ತರುವ ಹುಡುಗ, "ಅಯ್ಯನೋರು ಜಪ ಮಾಡ್ತಿದಾರಾ?" ಅಂತ ಕೇಳಿದ್ದ.

ಬೆಂಗಳೂರಿನಿಂದ ಮಗ ಬೆಂಕಿಪೆಟ್ಟಿಗೆಯಷ್ಟಿನ ಒಂದು ಡಬ್ಬಿ ಕಳಿಸಿದ. ಸ್ಟೀರಿಂಗಿನ ಅಡಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಕಾರಿನ ದೋಷವೆಲ್ಲ ಮೊಬೈಲಿನಲ್ಲಿ ಬರುತ್ತದಂತೆ. ಸಿಕ್ಕಿಸಿದರು. "ಯಾವ ದೋಷವೂ ಇಲ್ಲ" ಅಂತ ಹಸಿರು ಅಕ್ಷರದಲ್ಲಿ ಬಂತು, ಅದರ ಮೇಲ್ಗಡೆ ಕೆಂಪು ದೀಪ ಉರಿಯುತ್ತಲೇ ಇತ್ತು! ಅಂಥ ಅಗ್ಗದ ಡಬ್ಬಿಗಳು ಹೆಚ್ಚಿನವು ಓದುವುದು ಎಂಜಿನ್ನಿನ ಲೆಕ್ಕ ಮಾತ್ರ. ಏರ್‌ಬ್ಯಾಗಿನ ಭಾಷೆ ಅವಕ್ಕೆ ಬಾರದು. ನಿಮ್ಮ ಮನೆಯಲ್ಲೂ ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ ಏರ್‌ಬ್ಯಾಗಿನದನ್ನೂ ಓದುತ್ತದಾ, ನಮ್ಮ ಕಾರಿಗೆ ಆಗುತ್ತದಾ ಅಂತ ಮೊದಲು ಕೇಳಿ.

ಅಷ್ಟರಲ್ಲಿ ಆಷಾಢ ಮುಗಿಯುತ್ತ ಬಂತು. ಒಂದು ದಿನ ಪೇಟೆಗೆ ಹೋದವರು ಮುಖ ಅರಳಿಸಿಕೊಂಡು ಬಂದರು. "ಆಯ್ತು ನೋಡು. ಒಬ್ಬ ಎಲೆಕ್ಟ್ರಿಶಿಯನ್ ಸಿಕ್ಕಿದ. ಬರೇ ಇಪ್ಪತ್ತು ನಿಮಿಷ. 300 ರೂಪಾಯಿ ತಗೊಂಡ. ದೀಪ ಆರೇಹೋಯ್ತು." ನಾನೂ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಹಚ್ಚಿದ್ದಕ್ಕೆ ಈಗ ನಗು ಬರುತ್ತದೆ.

ಮಾರನೇ ದಿನ ಅಡಿಕೆ ಸೊಸೈಟಿಗೆ ಹೊರಟೆವು. ನಾನು ಪಕ್ಕದಲ್ಲಿ ಕೂತೆ. ಇವರು ಕೀ ತಿರುಗಿಸಿದರು. ಎಂಜಿನ್ನು, ಬ್ಯಾಟರಿ, ಆಯಿಲ್, ಬ್ರೇಕು, ಎಲ್ಲ ಹೊತ್ತಿದವು. ಬಸುರಿ ಬರಲೇ ಇಲ್ಲ.

"ರೀ, ಅದು ಹೊತ್ತಿ ಆರಬೇಕಲ್ವಾ?"

"ಆರಿಸೋಕೆ ತಾನೆ ದುಡ್ಡು ಕೊಟ್ಟಿದ್ದು?"

"ಮೊದಲು ಹಾಗಿರಲಿಲ್ಲ. ಎಲ್ಲದರ ಜೊತೆ ಬಂದು, ಎಂಜಿನ್ ಶುರು ಮಾಡೋಕೆ ಮುಂಚೆ ತಾನೇ ಹೋಗ್ತಿತ್ತು. ಇವತ್ತು ಬರ್ಲೇ ಇಲ್ಲ."

"ನಿಂಗೆ ಹೆಂಗೆ ಗೊತ್ತು?"

ಹತ್ತು ವರ್ಷದಿಂದ ಅದೊಂದೇ ಚಿತ್ರ ನೋಡಿಕೊಂಡು ಪಕ್ಕದಲ್ಲಿ ಕೂತವಳು ನಾನು. ಡ್ರೈವಿಂಗ್ ಮಾಡುವವರಿಗೆ ರಸ್ತೆ ನೋಡುವ ಕೆಲಸವಿರುತ್ತದೆ. ನನಗೇನಿತ್ತು?

ಇವರು ಕೀ ತೆಗೆದು ಮತ್ತೆ ತಿರುಗಿಸಿದರು. ಮತ್ತೊಮ್ಮೆ. ಬರಲಿಲ್ಲ. ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದುಕೊಂಡೇ ಕೂತರು. ಆಮೇಲೆ ಒಂದೇ ಮಾತು ಅಂದರು: "ಫ್ಯೂಸಿಗೆ ದಪ್ಪ ತಂತಿ ಹಾಕಿದ್ದಾನೆ ಸೂಳೇಮಗ."

ಆ ಮಾತಿನ ಬಿಸಿ ನನಗೆ ಗೊತ್ತು. ಸರ್ವಿಸಿನಲ್ಲಿದ್ದಾಗ ಮನೆಗೆ ಬಂದು ಊಟಕ್ಕೆ ಕೂತವರು ಅರ್ಧಕ್ಕರ್ಧ ದಿನ ಅದನ್ನೇ ಹೇಳಿ ಕೂಗಾಡುತ್ತಿದ್ದರು. ತೋಟದ ಪಂಪ್‌ಸೆಟ್ಟಿನ ಫ್ಯೂಸು ಪದೇಪದೇ ಹೋಗುತ್ತದೆ ಅಂತ ಜನ ಅದಕ್ಕೆ ದಪ್ಪ ತಂತಿ ಸುತ್ತಿಬಿಡುತ್ತಾರೆ. ಆಮೇಲೆ ಫ್ಯೂಸು ಹೋಗುವುದಿಲ್ಲ, ಮೋಟರ್ ಸುಡುತ್ತದೆ, ಒಮ್ಮೊಮ್ಮೆ ಮನುಷ್ಯರೂ ಹೋಗುತ್ತಾರೆ. ಅಂಥ ಒಂದು ಹೆಣವನ್ನು ಇವರೇ ನಿಂತು ಕೆಳಗಿಳಿಸಿದ್ದರು. ಅಡಿಕೆ ಸೊಸೈಟಿ ಅಲ್ಲಿಗೇ ರದ್ದಾಯಿತು. ಕಾರು ಶೆಡ್ಡಿಗೆ ಹೋಯಿತು. ಆ ದಿನ ರಾತ್ರಿ ಇವರು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಎರಡು ದಿನ ಬಿಟ್ಟು ಶಿವಮೊಗ್ಗಕ್ಕೆ ಹೋದೆವು. ನಿಧಾನಕ್ಕೆ, ಅರವತ್ತು ಕಿಲೋಮೀಟರಿಗೆ ಎರಡು ಗಂಟೆ ತಗೊಂಡು. ಸಂಬಂಧಿಕರೊಬ್ಬರು ಹೇಳಿದ ಗ್ಯಾರೇಜು. ಅಲ್ಲಿದ್ದವನು ನಮ್ಮ ಮಗನಿಗಿಂತ ಚಿಕ್ಕ ಹುಡುಗ. ಇವರು ಕಥೆ ಶುರು ಮಾಡುತ್ತಿದ್ದ ಹಾಗೆ ಅವನು ಕೀ ತಿರುಗಿಸಿ ನೋಡಿ, "ಲೈಟೇ ಬರ್ತಿಲ್ವಲ್ಲ ಸಾರ್" ಅಂದ. ಮೊದಲ ನೋಟಕ್ಕೇ ಹಿಡಿದ.

ಟ್ಯಾಬ್ಲೆಟ್ಟಿನಂಥ ದೊಡ್ಡ ಸ್ಕ್ಯಾನರ್ ತಂದು ಸಿಕ್ಕಿಸಿದ. ಎರಡು ಸಾಲು ಬಂದವು. ಎರಡೂ ಎಡಗಡೆಯ ಸೀಟಿನ ಪಕ್ಕದ ಏರ್‌ಬ್ಯಾಗಿನದೇ. ಒಂದು ಹಳೆಯದು, ಸೀಟು ಬಿಚ್ಚಿದ ದಿನ ಬರೆದುಕೊಂಡದ್ದು. ಇನ್ನೊಂದು ಈಗಿನದು, ಅಂದರೆ ಆ ಕ್ಷಣಕ್ಕೂ ಅಲ್ಲಿ ಏನೋ ಸರಿಯಿಲ್ಲ ಅಂತ. ಹಳೆಯದನ್ನು ಯಂತ್ರದಿಂದ ಅಳಿಸಬಹುದು, ಈಗಿನದನ್ನು ಅಳಿಸಿದರೂ ಕೀ ತಿರುಗಿಸಿದ ಕೂಡಲೇ ಮತ್ತೆ ಬರುತ್ತದೆ ಅಂದ. ಕೆಲವು ಕಾರುಗಳಲ್ಲಿ ದೋಷ ಸರಿಯಾದರೆ ದೀಪ ತಾನಾಗಿ ಆರುವುದೂ ಉಂಟಂತೆ. ನಮ್ಮಂಥ ಕಾರುಗಳಲ್ಲಿ ಸರಿಮಾಡಿ, ಆಮೇಲೆ ಅಳಿಸಲೂ ಬೇಕು.

ಇವರು ಜೇಬಿನಿಂದ ತಮ್ಮ ಮಲ್ಟಿಮೀಟರ್ ತೆಗೆದರು. ಹೊರಡುವಾಗ ಹೊಸ ಸೆಲ್ಲು ಹಾಕಿಕೊಂಡಿದ್ದರು. "ವೈರು ಕಟ್ಟಾಗಿದೆಯಾ ನೋಡಿಬಿಡೋಣ" ಅಂತ ಸೀಟಿನ ಕಡೆ ಬಗ್ಗಿದರಷ್ಟೇ, ಹುಡುಗ ಕೈ ಹಿಡಿದುಬಿಟ್ಟ.

"ಸಾರ್, ದಯವಿಟ್ಟು. ಅದಕ್ಕೆ ಮೀಟರ್ ಹಿಡೀಬಾರ್ದು."

ಏರ್‌ಬ್ಯಾಗನ್ನು ಉಬ್ಬಿಸುವುದು ಪಂಪಿನ ಗಾಳಿಯಲ್ಲ, ಒಂದು ಸಣ್ಣ ಸಿಡಿಮದ್ದು. ಅದಕ್ಕೆ ಕಿಡಿ ಹಚ್ಚಲು ತೀರಾ ಕಡಿಮೆ ಕರೆಂಟು ಸಾಕು. ರೆಸಿಸ್ಟೆನ್ಸ್ ಅಳೆಯುವಾಗ ಮೀಟರ್ ತನ್ನ ಸೆಲ್ಲಿನಿಂದ ಕರೆಂಟು ಕಳಿಸಿಯೇ ಅಳೆಯುವುದು, ಅದೇ ಕಿಡಿಯಾದರೂ ಆಯಿತು. ಎದುರಿನ ಏರ್‌ಬ್ಯಾಗು ತುಂಬಲು ಸುಮಾರು 30 ಮಿಲಿಸೆಕೆಂಡು, ಅಂದರೆ ಕಣ್ಣುರೆಪ್ಪೆ ಬಡಿಯುವುದಕ್ಕೂ ಮುಂಚೆ. ಪಕ್ಕದ್ದು ಅದಕ್ಕಿಂತಲೂ ಬೇಗ, ಯಾಕೆಂದರೆ ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಇರುವುದೇ ಗೇಣು ಜಾಗ. ಆ ರಭಸದ ಮುಂದೆ ಬಗ್ಗಿದ ಮುಖವಿದ್ದರೆ?

ನನಗೆ ಆ ಭಾನುವಾರ ನೆನಪಾಯಿತು. ದೀಪ ಆರದಿದ್ದಾಗ ಇವರು ಸೀಟಿನ ಅಡಿಗೆ ಮುಖ ಹಾಕಿ ಮೀಟರ್ ತರಲು ಹೇಳಿದ್ದರು. ತಂದುಕೊಟ್ಟವಳು ನಾನೇ. ಮೀಟರ್ ಆನ್ ಆಗಲಿಲ್ಲ, ಸೆಲ್ಲು ಸತ್ತಿತ್ತು. "ಥೂ, ಇದರ" ಅಂತ ಎಸೆದಿದ್ದರು. ನಾನು ಇವರ ಮುಖ ನೋಡಿದೆ. ಇವರಿಗೂ ಅದೇ ನೆನಪಾಗಿತ್ತು. ಮೀಟರನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಹುಡುಗ ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, "ಬನ್ನಿ, ಚಾ ಕುಡಿಯೋಣ" ಅಂದ. ಚಾ ಉಪಚಾರಕ್ಕಲ್ಲ. ಅಪಘಾತದಲ್ಲಿ ಬ್ಯಾಟರಿಯೇ ಚೂರಾದರೂ ಏರ್‌ಬ್ಯಾಗು ಕೆಲಸ ಮಾಡಬೇಕು ಅಂತ ಅದರ ಕಂಪ್ಯೂಟರಿನೊಳಗೆ ಒಂದು ಕೆಪಾಸಿಟರ್ ಕರೆಂಟು ಕೂಡಿಟ್ಟುಕೊಂಡಿರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ಅದು ಬರಿದಾಗಲು ಬಿಡಬೇಕು. ಒಂದೂವರೆ ನಿಮಿಷ ಸಾಕು ಅನ್ನುವ ಕಂಪನಿಯೂ ಇದೆ, ಹೆಚ್ಚು ಹೊತ್ತು ಹೇಳುವವರೂ ಇದ್ದಾರೆ, ನಿಮ್ಮ ಕಾರಿನ ಪುಸ್ತಕದಲ್ಲಿ ಇದ್ದಷ್ಟು ಕಾಯಬೇಕು. ಇವನು ಹತ್ತು ನಿಮಿಷ ಕಾಯುತ್ತಾನಂತೆ. "ನಂಗೆ ಮದ್ವೆ ಆಗಿಲ್ಲ ಸಾರ್ ಇನ್ನೂ" ಅಂದ.

ಚಾ ಕುಡಿಯುವಾಗ ಕಪಾಟಿನಿಂದ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದ. ಒಳಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಚಪ್ಪಟೆ ವೈರಿನ ಪಟ್ಟಿ, ನಡುವೆ ಹರಿದಿತ್ತು. ಸ್ಟೀರಿಂಗ್ ತಿರುಗುತ್ತಲೇ ಇರುತ್ತದೆ, ಅದರೊಳಗಿನ ಏರ್‌ಬ್ಯಾಗಿಗೆ ಕರೆಂಟು ಹೋಗುವುದು ಹೇಗೆ? ಈ ಪಟ್ಟಿಯ ಮೂಲಕ. ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ, ಅಥವಾ ತಿರುಗಾಮುರುಗಾ. ಯಾರೋ ಮನೆಯಲ್ಲೇ ಸ್ಟೀರಿಂಗ್ ಬಿಚ್ಚಿ, ಪಟ್ಟಿಯನ್ನು ಸರಿಯಾಗಿ ನಡುವಿಗೆ ತಂದುಕೊಳ್ಳದೆ ಜೋಡಿಸಿದ್ದರು. ಮೊದಲ ದೊಡ್ಡ ತಿರುವಿನಲ್ಲೇ ಪಟ್ಟಿ ಹರಿಯಿತು. ಹಾರ್ನ್ ನಿಂತಿತು, ಕೆಂಪು ದೀಪ ಹತ್ತಿತು. ಹಾರ್ನ್ ಇಲ್ಲದೆ ನಮ್ಮವರು ಒಂದು ದಿನವೂ ಇರಲಾರರಾದ್ದರಿಂದ ಮಾರನೇ ದಿನವೇ ಗ್ಯಾರೇಜಿಗೆ ಓಡಿಬಂದರಂತೆ. ದೀಪ ಒಂದೇ ಹತ್ತಿದ್ದರೆ ಬರುತ್ತಿದ್ದರೋ ಇಲ್ಲವೋ.

ನಮ್ಮ ಕಾರಿನ ರೋಗ ಅದಕ್ಕಿಂತ ಸಣ್ಣದು. ಹಳದಿ ಕನೆಕ್ಟರ್ ಬಿಡಿಸಿ ಟಾರ್ಚ್ ಹಿಡಿದ. ಪಿನ್ನಿನ ಮೇಲೆ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು, ಇಷ್ಟೇ ಇಷ್ಟು. ವಾರಗಟ್ಟಲೆ ನೀರಿನ ಪಸೆಯಲ್ಲಿ ಇದ್ದದ್ದರ ಫಲ. ಇನ್ನೊಂದು, ಇವರು ಕನೆಕ್ಟರನ್ನು ಒತ್ತಿದ್ದರೇ ಹೊರತು ಅದರ ಲಾಕು ಕೂತಿರಲಿಲ್ಲ. ಬಿಚ್ಚಿದಾಗ ಮೈಮೇಲಿನ ಸ್ಟ್ಯಾಟಿಕ್ ಕರೆಂಟಿನಿಂದ ಸಿಡಿಯದಿರಲಿ ಅಂತ ಇದರೊಳಗೆ ಎರಡು ಪಿನ್ನನ್ನೂ ಒಂದಾಗಿಸುವ ಸಣ್ಣ ಪಟ್ಟಿ ಇರುತ್ತದೆ. ಪೂರ್ತಿ ಒಳಗೆ ಹೋಗಿ ಕಟಕ್ ಅಂದಾಗಲೇ ಆ ಪಟ್ಟಿ ಸರಿದು ದಾರಿ ತೆರೆಯುವುದು. ಮುಕ್ಕಾಲು ಒತ್ತಿದರೆ ನೋಡುವವರಿಗೆ ಸಿಕ್ಕಿಕೊಂಡ ಹಾಗೇ ಕಾಣುತ್ತದೆ. ಕಿಲುಬು ಹಿಡಿದ ತುಂಡನ್ನು ಒರೆಸಿ ಸುಧಾರಿಸುವುದು ಬೇಡ ಅಂತ ಹುಡುಗ ಕಂಪನಿಯ ಹೊಸ ಕನೆಕ್ಟರನ್ನೇ ತರಿಸಿ ಹಾಕಿದ. ಅದಕ್ಕೆ ಮಧ್ಯಾಹ್ನದವರೆಗೆ ಕಾದೆವು. ಕೂರಿಸುವಾಗ "ಅಮ್ಮ, ಕೇಳಿಸ್ಕೊಳ್ಳಿ" ಅಂತ ನನ್ನನ್ನೇ ಕರೆದ. ಕಟಕ್.

ಆಮೇಲೆ ಮೀಟರ್ ಬೋರ್ಡ್ ಬಿಚ್ಚಿದ. ಬಸುರಿಯ ಹಿಂದೆ ಉಗುರಿನಷ್ಟು ಕಪ್ಪು ಇನ್ಸುಲೇಶನ್ ಟೇಪು. 300 ರೂಪಾಯಿಯ ರಿಪೇರಿ ಅಂದರೆ ಅದು. ದೀಪ ಅಷ್ಟು ದಿನವೂ ಒಳಗೆ ಉರಿಯುತ್ತಲೇ ಇತ್ತು.

ಟೇಪು ಕಿತ್ತು, ಬ್ಯಾಟರಿ ಹಾಕಿ, ಸ್ಕ್ಯಾನರಿನಲ್ಲಿ ಎರಡೂ ಸಾಲು ಅಳಿಸಿದ. ಕೀ ತಿರುಗಿಸುವಾಗ ಯಾರೂ ಒಳಗೆ ಕೂರುವುದು ಬೇಡ ಅಂತ ತಾನೇ ಹೊರಗೆ ನಿಂತು ಕೈ ಚಾಚಿ ತಿರುಗಿಸಿದ. ದೀಪ ಬಂತು. ನಾನು ಮನಸ್ಸಿನಲ್ಲೇ ಎಣಿಸಿದೆ. ಆರು ಅನ್ನುವಷ್ಟರಲ್ಲಿ ತಾನಾಗಿ ಹೋಯಿತು. ಮತ್ತೆರಡು ಸಲ ಮಾಡಿಸಿದೆ. ಹುಡುಗ ಬೇಸರ ಮಾಡಿಕೊಳ್ಳಲಿಲ್ಲ.

ಅವನ ಬಾಯಿಂದ ಕೇಳಿದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಹಳೇ ಕಾರು ಕೊಳ್ಳುವವರಿಗೆ ಬೇಕಾದೀತು. ಟೇಪಾದರೆ ನನ್ನಂಥ ನಿರುದ್ಯೋಗಿ ಹೆಂಗಸೂ ಕಂಡುಹಿಡಿಯಬಹುದು. ಅದಕ್ಕಿಂತ ಜಾಣರಿದ್ದಾರೆ. ಹಳೇ ಕಾರುಗಳಲ್ಲಿ ಏರ್‌ಬ್ಯಾಗಿನ ದೀಪದ ವೈರನ್ನು ಬ್ಯಾಟರಿ ದೀಪಕ್ಕೋ ಆಯಿಲ್ ದೀಪಕ್ಕೋ ಜೋಡಿಸಿಬಿಡುತ್ತಾರೆ. ಕೀ ತಿರುಗಿಸಿದಾಗ ಬರುತ್ತದೆ, ಎಂಜಿನ್ ಶುರುವಾದ ಕೂಡಲೇ ಹೋಗುತ್ತದೆ, ಕೊಳ್ಳುವವನಿಗೆ ಸಮಾಧಾನ. ಪರೀಕ್ಷೆ ಸುಲಭ: ಎಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಿ ಕಾಯಿರಿ. ಕೆಲವು ಸೆಕೆಂಡಿಗೆ ಏರ್‌ಬ್ಯಾಗಿನ ದೀಪ ತಾನೊಂದೇ ಆರಬೇಕು, ಬ್ಯಾಟರಿಯದೂ ಆಯಿಲ್ಲಿನದೂ ಇನ್ನೂ ಉರಿಯುತ್ತಿರಬೇಕು. ಮೂರೂ ಒಟ್ಟಿಗೆ ಬಂದು ಒಟ್ಟಿಗೇ ಹೋದರೆ ಅನುಮಾನ ಪಡಿ. ಅಪಘಾತದಲ್ಲಿ ಉಬ್ಬಿಹೋದ ಏರ್‌ಬ್ಯಾಗಿನ ಬದಲು ಒಂದು ರೆಸಿಸ್ಟರ್ ಸಿಕ್ಕಿಸಿ ಕಂಪ್ಯೂಟರನ್ನೇ ಏಮಾರಿಸುವವರೂ ಇದ್ದಾರಂತೆ. ಅಂಥದ್ದು ದೀಪ ನೋಡಿ ಗೊತ್ತಾಗುವುದಿಲ್ಲ, ಬಿಚ್ಚಿಯೇ ನೋಡಬೇಕು. 2019ರ ಜುಲೈಯಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರಿಗೆಲ್ಲ ಡ್ರೈವರ್ ಕಡೆಯ ಏರ್‌ಬ್ಯಾಗು ಕಡ್ಡಾಯ, 2021ರಿಂದ ಪಕ್ಕದವರಿಗೂ. ಆ ಕಾರುಗಳೆಲ್ಲ ಈಗ ಎರಡನೇ ಕೈಗೆ, ಮೂರನೇ ಕೈಗೆ ಬರುತ್ತಿವೆ.

ನನಗೂ ಬೈಗುಳ ಸಿಕ್ಕಿತು, ಹುಡುಗನಿಂದಲ್ಲದಿದ್ದರೂ ಅವನ ಮಾತಿನಿಂದ. ಸೀಟಿಗೆ ನಾನು ಹೊಲಿಸಿ ಹಾಕಿದ್ದ ಬಿಗಿ ಕವರನ್ನು ಅವನು ಎರಡು ಬೆರಳಲ್ಲಿ ಎತ್ತಿ, "ಪಕ್ಕದಲ್ಲಿ ಏರ್‌ಬ್ಯಾಗ್ ಇರೋ ಸೀಟಿಗೆ ಇದು ಹಾಕ್ಬಾರ್ದಮ್ಮ, ಹರ್ಕೊಂಡು ಹೊರಗೆ ಬರೋಕೆ ಜಾಗ ಇಲ್ಲ" ಅಂದ. ಅಲ್ಲಿ ಹೊಲಿಗೆ ಬಿಡುವ ಹಾಗೆ ಮಾಡಿದ ಕವರುಗಳೇ ಬೇರೆ ಇವೆಯಂತೆ. ಹತ್ತು ವರ್ಷದಿಂದ ಆ ಸೀಟಿನ ಪಕ್ಕದಲ್ಲಿ ಒಂದು ಪುಟ್ಟ ಚೀಟಿಯಲ್ಲಿ ಏರ್‌ಬ್ಯಾಗ್ ಅಂತ ಬರೆದೇ ಇತ್ತು, ನನ್ನ ಕವರು ಅದನ್ನೂ ಮುಚ್ಚಿತ್ತು. ಡ್ಯಾಶ್‌ಬೋರ್ಡಿನ ಎಡಕ್ಕೆ ಅಂಟಿಸಿದ್ದ ಕಲ್ಲಿನ ಗಣಪತಿಯನ್ನೂ ತೆಗೆಸಿದ. ಅವನ ಅಡಿಯಲ್ಲೇ ಏರ್‌ಬ್ಯಾಗಿನ ಮುಚ್ಚಳ. ಮುಚ್ಚಳ ಹಾರಿದರೆ ಗಣಪತಿ ಕಲ್ಲಿನ ಗುಂಡಾಗುತ್ತಾನೆ. ವಿಘ್ನನಿವಾರಕನನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಬಂದೆ. ಈಗ ದೇವರ ಗೂಡಿನಲ್ಲಿದ್ದಾನೆ.

ಬಸುರಿಯರು ಏರ್‌ಬ್ಯಾಗಿನ ಎದುರು ಕೂರಬಹುದೇ ಅಂತ ನನ್ನದೊಂದು ಆತಂಕವಿತ್ತು. ಮಗಳ ಡಾಕ್ಟರನ್ನೇ ಕೇಳಿದೆ. ಕೂರಬಹುದು, ಏರ್‌ಬ್ಯಾಗು ಸರಿಯಾಗಿರಲಿ, ಬೆಲ್ಟು ಮಾತ್ರ ಕಡ್ಡಾಯ ಅಂದರು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ಒತ್ತಿಕೊಂಡಿರಬೇಕು. ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಹೋಗಬೇಕು. ಸೀಟನ್ನು ಆದಷ್ಟು ಹಿಂದೆ ಸರಿಸಬೇಕು. ಬೆಲ್ಟು ಹಾಕದೆ ಏರ್‌ಬ್ಯಾಗನ್ನು ನಂಬಿ ಕೂತರೆ ಅದೇ ಹೊಡೆತವಾದೀತು. ಹುಟ್ಟಿದ ಮಗುವನ್ನು ಮಾತ್ರ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಲೇಬಾರದು ಅಂತಲೂ ಹೇಳಿದರು.

ನಮ್ಮನೆಯವರು ಆ ಎಲೆಕ್ಟ್ರಿಶಿಯನ್ ಹತ್ತಿರ ಜಗಳಕ್ಕೆ ಹೋಗಿದ್ದರು. ನಾನು ಬೇಡ ಅಂದಿದ್ದೆ. ಕಪ್ಪು ಟೇಪಿನ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಹೋದವರು ಅರ್ಧ ಗಂಟೆಯಲ್ಲಿ ತಣ್ಣಗೆ ವಾಪಸ್ ಬಂದರು. ಏನಾಯ್ತು ಅಂತ ಕೇಳಿದ್ದಕ್ಕೆ ಅವನು ಅಂದದ್ದನ್ನು ಹೇಳಿದರು: "ನೀವು ದೀಪ ಆರ್ಸು ಅಂದ್ರಿ ಸಾರ್, ಆರ್ಸಿದೆ. ಎಲ್ರೂ ದೀಪ ಆರ್ಸು ಅಂತಾನೇ ಬರೋದು. ಏರ್‌ಬ್ಯಾಗ್ ಸರಿ ಮಾಡು ಅಂತ ಇಲ್ಲಿಗೆ ಒಬ್ರೂ ಬಂದಿಲ್ಲ." ಇವರು ಹೋಗಿ ಹೇಳಿದ್ದೂ ಅದೇ ಮಾತು. ಆದರೂ ನನಗೆ ಅವನ ಮೇಲಿನ ಸಿಟ್ಟು ಹೋಗಿಲ್ಲ. ಟೇಪು ಅಂಟಿಸಿದ್ದೇನೆ ಅಂತ ಒಂದು ಮಾತು ಹೇಳಬಹುದಿತ್ತು.

ಶ್ರಾವಣದ ಮೊದಲ ಸೋಮವಾರ ಕಳೆದು ಉಡುಪಿಗೆ ಹೋದೆವು. ಕವರಿಲ್ಲದ ಸೀಟು, ಗಣಪತಿಯಿಲ್ಲದ ಡ್ಯಾಶ್‌ಬೋರ್ಡು. ವೈಪರಿನ ಕೆಳಗಿನ ಎಲೆಯನ್ನೆಲ್ಲ ತೆಗೆದು ಆ ತೂತಿನಲ್ಲಿ ಒಂದು ಚೊಂಬು ನೀರು ಬಿಟ್ಟು, ಚಕ್ರದ ಹಿಂದೆ ಸುರಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಹೊರಟದ್ದು. ಹೊರಡುವ ಹೊತ್ತಿಗೆ ಮಗಳು ಉಸ್ಸಪ್ಪ ಅಂತ ಮುಂದೆ ಕೂತಳು. ನಾನು ಬಗ್ಗಿ ಬೆಲ್ಟನ್ನು ಹೊಟ್ಟೆಯ ಕೆಳಗೆ ಸರಿಮಾಡಿ ಹಿಂದೆ ಹೋಗಿ ಕೂತೆ. ಇವರು ಕೀ ತಿರುಗಿಸಿದರು, ಎಂಜಿನ್ ಶುರು ಮಾಡಲಿಲ್ಲ. ಅಪ್ಪ ಅಮ್ಮ ಇಬ್ಬರೂ ಉಸಿರು ಬಿಗಿಹಿಡಿದು ಎಂಥದ್ದನ್ನೋ ನೋಡುತ್ತಿರುವುದು ಕಂಡು ಅವಳೂ ಬಗ್ಗಿದಳು.

"ಅಮ್ಮ, ಇದ್ಯಾರು, ನಾನಾ?" ಅಂದಳು.

ಅಷ್ಟರಲ್ಲಿ ದೀಪ ಆರಿತು. ಇವರು ಗಾಡಿ ತೆಗೆದರು. ಸೋಮೇಶ್ವರ ದಾಟುವಾಗ ಮಳೆ ಹಿಡಿಯಿತು. ಏಳನೇ ತಿರುವಿನಲ್ಲಿ ಒಮ್ಮೆ ನಿಲ್ಲಿಸಿದೆವು, ವಾಂತಿಗೆ. ನಾನು ಕೈ ಚಾಚಿ ಅವಳ ಕಾಲ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿದೆ. ಒಣಗಿಯೇ ಇತ್ತು.